ಮಾತು ಬಲ್ಲ ಮಗುವಿನ ಕಾಣದ ತೊಡಕು

ಜಯನಗರಕ್ಕೆ 1948ರಲ್ಲಿ ಅಡಿಗಲ್ಲಿಟ್ಟವರು ದಾರಿ ತಪ್ಪುವವರ ಮೇಲಣ ಕರುಣೆಯಿಂದಲೇ ಅದರ ಬೀದಿಗಳಿಗೆ ಹೆಸರಿನ ಬದಲು ಅಂಕೆಗಳನ್ನು ಕೊಟ್ಟಿರಬೇಕು. ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆ, ಈ ಮೂರು ಸಂಖ್ಯೆಗಳನ್ನು ಬಲ್ಲವನು ನಡುರಾತ್ರಿಯಲ್ಲಿಯೂ ಮನೆ ಸೇರಬಲ್ಲನೆಂಬುದು ಅಲ್ಲಿಯ ಹಳಬರ ಹೆಮ್ಮೆ. ಆ ಹೆಮ್ಮೆಯ ನಡುವೆಯೇ, ಒಂಬತ್ತು ವರ್ಷದ ಹುಡುಗನೊಬ್ಬ ಎರಡು ಅಡ್ಡರಸ್ತೆಗಳಾಚೆಗಿನ ಅಂಗಡಿಯಿಂದ ಕರಿಬೇವು ತರಲು ಹೋದವನು ಮುಕ್ಕಾಲು ಗಂಟೆಯಾದರೂ ಹಿಂದಿರುಗುವುದಿಲ್ಲ. ಅಜ್ಜಿ ಗೇಟಿನ ಬಳಿ ನಿಂತು ಕಾದು ಸೋತು, ಕಡೆಗೆ ತಾಯಿ ಹುಡುಕಿಕೊಂಡು ಹೊರಟರೆ, ಹುಡುಗ ಎಲ್ಲೋ ದೂರದ ತಿರುವಿನಲ್ಲಿ ಒಬ್ಬ ಆಟೋ ಚಾಲಕನೊಡನೆ ಮಾತಿಗಿಳಿದಿದ್ದಾನೆ. ಮನೆಯ ವಿಳಾಸವನ್ನು ಪಿನ್‌ಕೋಡ್ ಸಹಿತ ಒಪ್ಪಿಸಿದ್ದಾನೆ. ಅಪ್ಪನ ಕಚೇರಿಯ ದೂರವಾಣಿ ಸಂಖ್ಯೆಯನ್ನು ಹೇಳಿದ್ದಾನೆ. ಕರಿಬೇವಿನ ಗುಣಗಳನ್ನೂ ಬಣ್ಣಿಸಿದ್ದಾನಂತೆ. ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ಎಂಬುದೊಂದನ್ನು ಮಾತ್ರ ಅವನು ಅರಿಯ.

ಅಜ್ಜಿ ನಕ್ಕು ಸುಮ್ಮನಾಗುವರು. ತಂದೆಗೆ ನಗು ಬರುವುದಿಲ್ಲ. "ಇಷ್ಟೆಲ್ಲ ಮಾತಾಡುತ್ತೀಯೆ, ನೂರು ಸಲ ಹೋಗಿ ಬಂದ ಅಂಗಡಿಯ ದಾರಿ ಗೊತ್ತಿಲ್ಲವೆ? ಯಾರ ಹತ್ತಿರ ಆಟ ಕಟ್ಟುತ್ತೀಯೆ?" ಎಂಬ ಪ್ರಶ್ನೆ ಬರುವುದು. ಹುಡುಗನ ಬಳಿ ಎಲ್ಲ ಪ್ರಶ್ನೆಗಳಿಗೂ ಉತ್ತರವಿರುವುದು, ಈ ಪ್ರಶ್ನೆಯೊಂದಕ್ಕೆ ಇಲ್ಲ.

ಈ ಹುಡುಗನಿಗೆ ಹೆಸರಿಟ್ಟಿಲ್ಲ. ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ, ಜೆ. ಪಿ. ನಗರದ ಯಾವುದೋ ಹಂತದಲ್ಲಿಯೋ, ಬಿ. ಟಿ. ಎಂ. ಬಡಾವಣೆಯ ಬಾಡಿಗೆಯ ಮನೆಯಲ್ಲಿಯೋ ಇರಬಹುದಾದ ಅನೇಕ ಮಕ್ಕಳನ್ನು ಕೂಡಿಸಿ ಚಿತ್ರಿಸಿದ ಒಬ್ಬನೆಂದು ವಾಚಕರು ಭಾವಿಸಬೇಕು. ಅವನು ಹುಡುಗಿಯೂ ಆಗಿರಬಹುದು. ಹುಡುಗಿಯಾಗಿದ್ದಲ್ಲಿ, ಅಂಗಡಿಗೆ ಒಬ್ಬಳನ್ನೇ ಕಳುಹಿಸದ ನಮ್ಮ ಮನೆಗಳಲ್ಲಿ ಈ ತೊಡಕು ಇನ್ನೂ ಕೆಲವು ವರ್ಷ ಬೆಳಕಿಗೆ ಬಾರದೆ ಉಳಿಯುವುದು.

ತಾಯಿಯಾದವಳು ನೆನಪಿನ ಗಂಟನ್ನು ಬಿಚ್ಚಿದರೆ ಎಷ್ಟೋ ಸಂಗತಿಗಳು ಹೊರಬೀಳುತ್ತವೆ. ಈ ಮಗು ಬೇರೆ ಮಕ್ಕಳಿಗಿಂತ ಮೊದಲೇ ಮಾತು ಕಲಿಯಿತು. ಮೂರನೆಯ ವರ್ಷದಲ್ಲಿ ರಾಗಿಗುಡ್ಡದ ಆಂಜನೇಯನ ಎದುರಿಗೆ ನಿಂತು ಶ್ಲೋಕ ಹೇಳಿ, ಸುತ್ತ ನಿಂತವರಿಂದ ಭೇಷ್ ಎನಿಸಿಕೊಂಡಿತು. ಆದರೆ ಬೆಟ್ಟದ ಮೆಟ್ಟಿಲಿಳಿಯುವಾಗ ಬೇರೆ ಮಕ್ಕಳು ಓಡುತ್ತಿದ್ದರೆ ಇದು ಕೈ ಬಿಡಲಿಲ್ಲ. ಮರದ ಬಿಲ್ಲೆಗಳನ್ನು ಜೋಡಿಸುವ ಆಟಿಕೆಯನ್ನು ಸೋದರಮಾವ ತಂದುಕೊಟ್ಟರೆ ಅದನ್ನು ಮುಟ್ಟಲಿಲ್ಲ. 'ಇದೇನು, ಇದನ್ನು ಯಾರು ಮಾಡಿದರು, ಏಕೆ ಮಾಡಿದರು' ಎಂದು ಕೇಳುತ್ತ ಕುಳಿತಿತು. ಲೋಕವನ್ನು ಕೈಯಿಂದ ಮುಟ್ಟಿ ಅರಿಯುವ ವಯಸ್ಸಿನಲ್ಲಿ ನಾಲಗೆಯಿಂದ ಕೇಳಿ ಅರಿಯಲು ಹೊರಟಿತು. ಷರಟಿನ ಗುಂಡಿ ಎರಡನೆಯ ತರಗತಿಯವರೆಗೂ ಅಮ್ಮನ ಪಾಲಿಗೇ ಉಳಿಯಿತು. ಎಡಗಾಲಿನ ಬೂಟು ಬಲಗಾಲಿಗೆ. ಸೈಕಲ್ಲು ಮೂಲೆ ಸೇರಿತು. ಚೌಕಾಬಾರ ಆಡುವಾಗ ಕಾಯಿ ಯಾವ ಕಡೆಯಿಂದ ಸುತ್ತಿ ಯಾವ ಮನೆಯಲ್ಲಿ ಒಳಕ್ಕೆ ತಿರುಗಬೇಕೆಂಬುದು ಪ್ರತಿಸಲವೂ ಹೊಸ ಪಾಠ. ಅಕ್ಕ ಹಾಕಿದ ಏಳು ಚುಕ್ಕಿಯ ರಂಗೋಲಿಯನ್ನು ನೋಡಿ ಹಾಕಲು ಹೋದರೆ ಚುಕ್ಕಿಗಳೇನೋ ಲೆಕ್ಕಕ್ಕೆ ಸರಿ, ಗೆರೆ ಮಾತ್ರ ಯಾವುದನ್ನು ಬಳಸಿ ಎಲ್ಲಿಗೆ ಹೋಗಬೇಕೆಂದು ತೋಚದೆ ಅಂಗಳದ ನಡುವೆ ನಿಂತುಬಿಡುವುದು.

ಇವುಗಳಲ್ಲಿ ಒಂದೊಂದಕ್ಕೂ ಮನೆಯವರ ಬಳಿ ಒಂದೊಂದು ಸಮಾಧಾನವಿತ್ತು. ಗುಂಡಿ ಹಾಕದಿದ್ದುದು ಮುದ್ದಿನಿಂದ, ಸೈಕಲ್ಲು ಕಲಿಯದಿದ್ದುದು ಪುಕ್ಕಲುತನದಿಂದ, ಆಟದಲ್ಲಿ ತಪ್ಪಿದ್ದು ಗಮನವಿಲ್ಲದುದರಿಂದ. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡಿದವರು ಯಾರೂ ಇರಲಿಲ್ಲ. ನೋಡಬೇಕಾದ ಕಾರಣವಾದರೂ ಏನಿತ್ತು? ಮಗು ಅಷ್ಟು ಚೆನ್ನಾಗಿ ಮಾತಾಡುತ್ತಿತ್ತು!

ತಜ್ಞರು ಇದನ್ನು ನಾನ್‌ವರ್ಬಲ್ ಲರ್ನಿಂಗ್ ಡಿಸೆಬಿಲಿಟಿ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಶಬ್ದೇತರ ಕಲಿಕಾನ್ಯೂನತೆ ಎನ್ನಬಹುದು. ಈ ಹೆಸರಿನಷ್ಟು ಜನರನ್ನು ದಾರಿ ತಪ್ಪಿಸುವ ಹೆಸರು ವೈದ್ಯಶಾಸ್ತ್ರದಲ್ಲಿ ವಿರಳ. ಕೇಳಿದವರು ಮಾತು ಬಾರದ ಮಗುವನ್ನು ಊಹಿಸಿಕೊಳ್ಳುವರು. ವಸ್ತುಸ್ಥಿತಿ ಅದಕ್ಕೆ ವಿರುದ್ಧ. ಶಬ್ದದಿಂದ ಕಲಿಯುವುದೆಲ್ಲ ಈ ಮಗುವಿಗೆ ಸುಲಭ. ಶಬ್ದಕ್ಕೆ ಹೊರತಾಗಿ, ಕಣ್ಣಿನಿಂದ, ಕೈಯಿಂದ, ಸ್ಥಳದ ಅರಿವಿನಿಂದ, ಎದುರಿನವರ ಮುಖಭಾವದಿಂದ ಕಲಿಯಬೇಕಾದುದೆಲ್ಲ ಕಷ್ಟ. 'ನೋಡಿ ಕಲಿ, ಮಾಡಿ ತಿಳಿ' ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಗುವಿಗೆ ಒಲಿಯದ ದಾರಿಗಳು ಆ ಎರಡೇ.

ಇಂಥ ಮಕ್ಕಳನ್ನು ಬೇರೆಯಾಗಿ ಗುರುತಿಸಿ 1967ರಲ್ಲಿ ಗ್ರಂಥಸ್ಥಗೊಳಿಸಿದವರು ಅಮೆರಿಕದ ಡೋರಿಸ್ ಜಾನ್ಸನ್ ಮತ್ತು ಹೆಲ್ಮರ್ ಮೈಕಲ್‌ಬಸ್ಟ್. ಕೆನಡಾ ದೇಶದ ವಿಂಡ್ಸರ್ ವಿಶ್ವವಿದ್ಯಾನಿಲಯದಲ್ಲಿದ್ದ ಬೈರನ್ ರೋರ್ಕ್ ಎಂಬ ಮನೋವಿಜ್ಞಾನಿ ಇದೊಂದನ್ನೇ ಹಲವು ವರ್ಷ ಅಭ್ಯಸಿಸಿ 1989ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಮೆದುಳಿನ ಭಾಗಗಳನ್ನು ಒಂದಕ್ಕೊಂದು ಬೆಸೆಯುವ ಬಿಳಿಯ ತಂತುಗಳಲ್ಲಿ, ಅದರಲ್ಲಿಯೂ ಬಲ ಅರ್ಧಗೋಳದಲ್ಲಿ, ಉಂಟಾದ ವ್ಯತ್ಯಾಸವೇ ಇದಕ್ಕೆ ಕಾರಣವೆಂಬುದು ಅವರ ವಾದ. ಅದು ಇನ್ನೂ ವಾದವೇ; ವಿದ್ವಾಂಸರು ಅದನ್ನು ನಿರ್ಣಯಿಸಿಕೊಳ್ಳಲಿ. ಮನೆಯವರಿಗೆ ಅದರಿಂದ ತಿಳಿಯಬೇಕಾದ ಮಾತು ಒಂದೇ: ಮಗುವಿನ ಸೋಮಾರಿತನವಾಗಲಿ, ತಾಯಿಯ ಮುದ್ದಾಗಲಿ ಇದಕ್ಕೆ ಕಾರಣವಲ್ಲ. ಅಮೆರಿಕದ ಪತ್ರಿಕೆಯೊಂದರಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿಯ ಮಕ್ಕಳಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿಗೆ ಈ ತೊಡಕಿರಬಹುದೆಂದು ಅಂದಾಜು ಮಾಡಿತು. ಅದು ನಮ್ಮಲ್ಲಿಯೂ ಸರಿಹೊಂದುವುದಾದರೆ, ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬರಾದರೂ ಸಿಕ್ಕಬೇಕು.

ಶಾಲೆಯಲ್ಲಿ ಮೊದಲ ಎರಡು ಮೂರು ವರ್ಷ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಕ್ಷರ ತಿದ್ದುವಾಗ ತುಸು ಪರದಾಟವಿರಬಹುದು. ಪ, ಷ, ಫಗಳ ನಡುವಣ ಸಣ್ಣ ಗೀಟು, ಒತ್ತಕ್ಷರ ಕೂಡಬೇಕಾದ ಜಾಗ, ಇವು ಕಣ್ಣು ಕೈಗಳ ಕೆಲಸವಷ್ಟೆ. ಆದರೆ ಓದು ಒಮ್ಮೆ ಕೂಡಿಬಂದಿತೆಂದರೆ ಮಗು ಓಟ ಕೀಳುವುದು. ಮಗ್ಗಿ ಇಪ್ಪತ್ತರವರೆಗೆ ಬಾಯಿಪಾಠ. ಸ್ಪೆಲ್ಲಿಂಗ್ ತಪ್ಪುವುದಿಲ್ಲ. ಭಾಷಣ ಸ್ಪರ್ಧೆಯಲ್ಲಿ ಬಹುಮಾನ. ಕಲಿಕೆಯ ತೊಡಕೆಂದರೆ ಓದಲು ಬಾರದಿರುವುದು ಎಂದಷ್ಟೇ ಕೇಳಿ ಬಲ್ಲ ಉಪಾಧ್ಯಾಯಿನಿಗೆ ಇಂಥ ಮಗುವಿನ ಮೇಲೆ ಸಂಶಯ ಹೇಗೆ ತಾನೇ ಬಂದೀತು?

ಸಂಶಯ ಬರಬೇಕಾದುದು ಲೆಕ್ಕದ ಪುಸ್ತಕದಲ್ಲಿ. 34ನ್ನು 26ರಿಂದ ಗುಣಿಸಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಹುಡುಗ 34ನ್ನು ಆರರಿಂದ ಗುಣಿಸಿ 204 ಎಂದು ಬರೆಯುತ್ತಾನೆ; ಸರಿ. ಎರಡರಿಂದ ಗುಣಿಸಿ 68 ಎಂದು ಬರೆಯುತ್ತಾನೆ, ಅದೂ ಸರಿ. ಆದರೆ ಆ 68 ಒಂದು ಮನೆ ಎಡಕ್ಕೆ ಸರಿದು ನಿಲ್ಲಬೇಕಾಗಿತ್ತು. ಸರಿಯಲಿಲ್ಲ. ಕೂಡಿದರೆ 272. ಬರಬೇಕಾಗಿದ್ದುದು 884. ಮಗ್ಗಿಯಲ್ಲಿ ಒಂದು ತಪ್ಪಿಲ್ಲ, ಕೂಡುವುದರಲ್ಲಿ ಒಂದು ತಪ್ಪಿಲ್ಲ, ತಪ್ಪಿದ್ದು ಜಾಗ. ಕೆಂಪು ಶಾಯಿ ಜಾಗವನ್ನು ನೋಡುವುದಿಲ್ಲ, ಉತ್ತರವನ್ನು ಮಾತ್ರ ನೋಡುವುದು. ಅಂಚಿನಲ್ಲಿ 'ಅಜಾಗರೂಕತೆ' ಎಂದು ಬರೆಯಲ್ಪಡುವುದು. ಮುಂದಿನ ವಾರ ಅದೇ ತಪ್ಪು, ಅದೇ ಶಬ್ದ. ಮೂರನೆಯ ವಾರ ತಂದೆಗೆ ಕರೆ ಹೋಗುವುದು. ಮನೆಪಾಠದ ಮೇಷ್ಟ್ರು ಗೊತ್ತಾಗುವರು. ಅವರು ಇನ್ನೂ ಐವತ್ತು ಲೆಕ್ಕಗಳನ್ನು ಹಾಕಿಸುವರು. ಐವತ್ತೂ ಅದೇ ಬಗೆಯಲ್ಲಿ ತಪ್ಪುವವು. ತಪ್ಪುಗಳಿಗೂ ಒಂದು ರೀತಿ ಇದೆಯೆಂದು ಕಂಡುಹಿಡಿಯಲು ಐವತ್ತು ಲೆಕ್ಕಗಳು ಬೇಕಿಲ್ಲ, ಮೂರು ಸಾಕು. ನೋಡುವ ವ್ಯವಧಾನ ಬೇಕಷ್ಟೆ.

ನಾಲ್ಕನೆಯ ಐದನೆಯ ತರಗತಿಗಳಲ್ಲಿ ಕಷ್ಟ ಕವಲೊಡೆಯುವುದು. ಕರ್ನಾಟಕದ ಜಿಲ್ಲೆಗಳೆಲ್ಲ ಬಾಯಲ್ಲಿವೆ, ಬರಿಯ ಭೂಪಟದಲ್ಲಿ ಬೀದರ್ ಎಲ್ಲಿಯೆಂದರೆ ಬೆರಳು ಚಾಮರಾಜನಗರದ ಮೇಲೆ. ಕೋನ, ಕೋನಮಾಪಕ, ಗಡಿಯಾರದ ಮುಳ್ಳು, ಗ್ರಾಫಿನ ಹಾಳೆ, ಎಲ್ಲವೂ ಶತ್ರುಗಳು. ಅದುವರೆಗೆ ಸಲಹಿದ ಓದಿನಲ್ಲಿಯೂ ಬಿರುಕು ಕಾಣಿಸುವುದು: ಕಥೆಯನ್ನು ಅಕ್ಷರಶಃ ಒಪ್ಪಿಸಬಲ್ಲವನಿಗೆ 'ಇದರಿಂದ ಏನು ತಿಳಿಯುತ್ತದೆ' ಎಂಬ ಪ್ರಶ್ನೆ ಗೋಡೆಯಂತೆ ಅಡ್ಡ ನಿಲ್ಲುವುದು.

ಇವೆಲ್ಲಕ್ಕಿಂತ ನೋವಿನದು ಇನ್ನೊಂದಿದೆ. ಅದಕ್ಕೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಮನುಷ್ಯರು ಬಾಯಿಯಿಂದ ಹೇಳುವುದು ಸ್ವಲ್ಪ, ಕಣ್ಣಿನಿಂದ, ಹುಬ್ಬಿನಿಂದ, ದನಿಯ ಏರಿಳಿತದಿಂದ ಹೇಳುವುದು ಬಹಳ. ಈ ಮಗುವಿಗೆ ಬಾಯಿಯ ಮಾತು ಮಾತ್ರ ಮುಟ್ಟುವುದು. 'ಹೋಗಿಬರುತ್ತೇವೆ' ಎಂದು ಎದ್ದ ನೆಂಟರನ್ನು 'ಯಾವಾಗ ಬರುತ್ತೀರಿ?' ಎಂದು ಕೇಳುವುದು ಮೂರರ ಮಗುವಿಗೆ ಚೆನ್ನ. ಹತ್ತರ ಹುಡುಗ ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತ ಬಾಗಿಲಲ್ಲಿ ನಿಂತರೆ ನೆಂಟರು ತಾಯಿಯ ಮುಖ ನೋಡುವರು. 'ಏನಪ್ಪ, ಬಹಳ ದೊಡ್ಡ ಮನುಷ್ಯನಾಗಿಬಿಟ್ಟೆ!' ಎಂದು ದೊಡ್ಡಪ್ಪ ಹಂಗಿಸಿದರೆ ಹುಡುಗ ಸಂತೋಷದಿಂದ ತನ್ನ ಎತ್ತರವನ್ನು ಹೇಳುತ್ತಾನೆ. 'ಸೊಕ್ಕು' ಎನ್ನುತ್ತಾರೆ ದೊಡ್ಡಪ್ಪ. ಆಟದ ಮೈದಾನದಲ್ಲಿ ಕೇಳುವವರಿಗೆ ಬೇಸರವಾಗಿದೆಯೆಂದು ತಿಳಿಯದೆ ಅವನು ಮಾತನಾಡುತ್ತಲೇ ಇರುತ್ತಾನೆ. ಒಬ್ಬೊಬ್ಬರಾಗಿ ಹುಡುಗರು ಎದ್ದು ಹೋಗುತ್ತಾರೆ. ಮೊದಲು ಅವರು ಹೋದರೆಂಬುದು ಅವನಿಗೆ ತಿಳಿಯುವುದಿಲ್ಲ. ಹನ್ನೆರಡು ಹದಿಮೂರರ ವಯಸ್ಸಿಗೆ ತಿಳಿಯುವುದು. ಏಕೆಂಬುದು ಮಾತ್ರ ತಿಳಿಯುವುದಿಲ್ಲ. ಇಂಥ ಮಕ್ಕಳು ಹರೆಯದಲ್ಲಿ ಆತಂಕಕ್ಕೂ ಖಿನ್ನತೆಗೂ ಸುಲಭವಾಗಿ ತುತ್ತಾಗುವರೆಂದು ತಜ್ಞರು ಎಚ್ಚರಿಸುವುದು ಈ ಕಾರಣದಿಂದಲೇ.

ಇಷ್ಟನ್ನು ಓದಿ ಮುಗಿಸಿದ ತಾಯಂದಿರಲ್ಲಿ ಅರ್ಧದಷ್ಟು ಮಂದಿ ತಮ್ಮ ಮಕ್ಕಳನ್ನು ಕಳವಳದಿಂದ ನೋಡತೊಡಗಿರಬಹುದು. ಬೂಟು ತಿರುವು ಮುರುವು ಹಾಕಿಕೊಂಡ ಮಕ್ಕಳಿಗೆಲ್ಲ ಈ ತೊಡಕಿಲ್ಲ. ರಂಗೋಲಿ ಬಾರದ ಹುಡುಗಿಯರು ಬೇಕಾದಷ್ಟು. ಒಂದು ಲಕ್ಷಣ ಏನನ್ನೂ ಹೇಳದು. ಮಾತಿನ ಶಕ್ತಿಗೂ ಕಣ್ಣುಕೈಗಳ ಶಕ್ತಿಗೂ ನಡುವೆ ದೊಡ್ಡ ಕಂದರವಿದ್ದು, ಅದು ಮನೆ, ಶಾಲೆ, ಆಟದ ಬಯಲು ಮೂರರಲ್ಲಿಯೂ ಕಾಣಿಸುತ್ತ, ವರ್ಷ ಕಳೆದಂತೆ ಮುಚ್ಚಿಕೊಳ್ಳುವ ಬದಲು ಅಗಲವಾಗುತ್ತ ಹೋದರೆ ಆಗ ಯೋಚಿಸಬೇಕು. ಮೊದಲು ಕಣ್ಣಿನ ವೈದ್ಯರ ಬಳಿಗೆ ಹೋಗಿಬರುವುದು ಒಳ್ಳೆಯದು. ಕನ್ನಡಕದಿಂದ ಮುಗಿಯುವ ಕೆಲಸಕ್ಕೆ ಮನೋವಿಜ್ಞಾನಿ ಏಕೆ? ಆಟಿಸಂ ಉಳ್ಳ ಮಕ್ಕಳಿಗೂ ಮುಖಭಾವ ತಿಳಿಯುವುದು ಕಷ್ಟ. ಆದರೆ ಅವರಲ್ಲಿ ಒಂದೇ ಕೆಲಸವನ್ನು ಮರಳಿ ಮರಳಿ ಮಾಡುವುದು, ಒಂದೇ ವಿಷಯಕ್ಕೆ ಅಂಟಿಕೊಳ್ಳುವುದು ಮುಂತಾದ ಬೇರೆ ಗುರುತುಗಳಿರುತ್ತವೆ. ಗಮನ ನಿಲ್ಲದ ಚಂಚಲ ಮಕ್ಕಳ ವಿಷಯ ಬೇರೆ; ಎರಡೂ ಒಂದೇ ಮಗುವಿನಲ್ಲಿ ಕೂಡಿಬರುವುದೂ ಉಂಟು. ಇದನ್ನು ಬಿಡಿಸಿ ನೋಡುವುದು ತಾಯಿತಂದೆಗಳ ಕೆಲಸವಲ್ಲ.

ಬಿಡಿಸಿ ನೋಡಬಲ್ಲವರು ಜಯನಗರದವರಿಗೆ ದೂರವಿಲ್ಲ. 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಹೊಸೂರು ರಸ್ತೆಯ ಆ ಆವರಣದಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ನಿಮ್ಹಾನ್ಸ್ ಎಂದೊಡನೆ 'ನಮ್ಮ ಮಗುವಿಗೇನು ಹುಚ್ಚೆ?' ಎಂದು ಅಜ್ಜಂದಿರು ಸಿಡಿಮಿಡಿಗೊಳ್ಳುವುದುಂಟು. ಆ ಒಂದು ಮಾತಿಗೆ ಅಂಜಿ ಎಷ್ಟು ಮಕ್ಕಳ ಎಷ್ಟು ವರ್ಷಗಳು ಹಾಳಾಗಿವೆಯೋ! ಅಲ್ಲಿಯ ಮನೋವಿಜ್ಞಾನಿಗಳಾದ ಮಾಳವಿಕಾ ಕಪೂರ್ ಮತ್ತು ಸಂಗಡಿಗರು 1991ರಲ್ಲಿ ರೂಪಿಸಿದ ಪರೀಕ್ಷಾಮಾಲೆಯಲ್ಲಿ ಓದು, ಬರಹ, ಲೆಕ್ಕಗಳಷ್ಟೇ ಅಲ್ಲದೆ ಗಮನ, ನೆನಪು, ಕಂಡ ಆಕೃತಿಯನ್ನು ಕೈಯಿಂದ ಬಿಡಿಸುವ ಶಕ್ತಿ ಇವನ್ನೂ ಅಳೆಯುತ್ತಾರೆ.

ಬುದ್ಧಿಮಾಪನೆಯ ವಿಷಯದಲ್ಲಿ ತಾಯಿತಂದೆಗಳು ಒಂದು ಸಂಗತಿಯನ್ನು ತಪ್ಪದೆ ಕೇಳಿ ತಿಳಿಯಬೇಕು. ಭಾರತೀಯ ಮಕ್ಕಳಿಗಾಗಿ ಮಾಲಿನ್ ಎಂಬುವರು ನಾಗಪುರದಲ್ಲಿ ಅಳವಡಿಸಿ 1969ರಲ್ಲಿ ಹೊರತಂದ ಮಾಪನದಲ್ಲಿ ಎರಡು ಪಾಲುಗಳಿವೆ. ಸಾಮಾನ್ಯ ಜ್ಞಾನ, ಶಬ್ದಸಂಪತ್ತು ಮುಂತಾದ ಮಾತಿನ ಪರೀಕ್ಷೆಗಳು ಒಂದು ಪಾಲು. ಬಣ್ಣದ ಘನಗಳನ್ನು ಮಾದರಿಯಂತೆ ಜೋಡಿಸುವುದು, ತುಂಡುಗಳಿಂದ ಚಿತ್ರ ಕೂಡಿಸುವುದು, ಚಕ್ರವ್ಯೂಹದಂಥ ದಾರಿಯಿಂದ ಪೆನ್ಸಿಲನ್ನು ಹೊರತರುವುದು ಮುಂತಾದ ಕ್ರಿಯೆಯ ಪರೀಕ್ಷೆಗಳು ಇನ್ನೊಂದು. ಮಾತಿನಲ್ಲಿ 125, ಕ್ರಿಯೆಯಲ್ಲಿ 85 ಬಂದ ಮಗುವಿನ ಸರಾಸರಿ 105. ಆ 105ನ್ನು ಮಾತ್ರ ನೋಡಿದವರು 'ಎಲ್ಲರಂತೆ ಚೆನ್ನಾಗಿದೆ, ಮನಸ್ಸಿಟ್ಟು ಓದಲಿ' ಎಂದು ಕಳುಹಿಸಿಬಿಡುವರು. ಮಗುವಿನ ಕಥೆಯೆಲ್ಲ ಅಡಗಿರುವುದು 125ಕ್ಕೂ 85ಕ್ಕೂ ನಡುವಣ ನಲವತ್ತರಲ್ಲಿ. ಆದ್ದರಿಂದ ಬರಿಯ ಒಟ್ಟು ಸಂಖ್ಯೆಯನ್ನು ಹೇಳಿಸಿಕೊಂಡು ಬರಬಾರದು. ಎರಡು ಪಾಲುಗಳನ್ನೂ ಬೇರೆಬೇರೆಯಾಗಿ ಕೇಳಿ ಬರೆಸಿಕೊಂಡು ಬರಬೇಕು.

ಕಾನೂನಿನ ಕಡೆಗೆ ತಿರುಗಿದರೆ ಒಂದು ವಿಚಿತ್ರ ಎದುರಾಗುವುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕೆಯ ನ್ಯೂನತೆಯನ್ನು ಮೊದಲ ಬಾರಿಗೆ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತು; ಆ ಪ್ರಮಾಣಪತ್ರವಿದ್ದರೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹೆಚ್ಚು ಸಮಯ ಮೊದಲಾದ ಸೌಲಭ್ಯಗಳು ದೊರೆಯುತ್ತವೆ. ಆದರೆ ಕಾಯ್ದೆ ಕೊಟ್ಟ ವ್ಯಾಖ್ಯೆಯ ತಿರುಳು ಮಾತಿನ ಅಥವಾ ಬರಹದ ಭಾಷೆಯನ್ನು ಗ್ರಹಿಸುವಲ್ಲಿನ ಕೊರತೆ. ಈ ಮಗುವಿನಲ್ಲಿ ಅತ್ಯಂತ ಗಟ್ಟಿಯಾಗಿರುವುದು ಅದೇ! ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯಲ್ಲಿಯೂ ಈ ತೊಡಕಿಗೆ ಸ್ವತಂತ್ರ ಸ್ಥಾನವಿಲ್ಲ. ಕೆಲವು ಪಂಡಿತರು ಹೆಸರನ್ನೇ ಬದಲಿಸಿ, ದೃಷ್ಟಿ ಮತ್ತು ಸ್ಥಳಗ್ರಹಣದ ಬೆಳವಣಿಗೆಯ ತೊಡಕೆಂದು ಕರೆಯೋಣವೆನ್ನುತ್ತಿದ್ದಾರೆ. ಹೆಸರು ಬದಲಾಗುವುದು ಒಳ್ಳೆಯದೇ. ಅಷ್ಟರಲ್ಲಿ ಪರೀಕ್ಷೆಗೆ ಕೂರಬೇಕಾದ ಮಗು ಕಾಯಲಾರದು. ಕಾಯ್ದೆಯ ವ್ಯಾಖ್ಯೆಯ ಕೊನೆಯಲ್ಲಿ ಗ್ರಹಣಶಕ್ತಿಯ ನ್ಯೂನತೆ, ಲೆಕ್ಕದ ತೊಡಕಾದ ಡಿಸ್‌ಕ್ಯಾಲ್ಕುಲಿಯಾ, ಬರವಣಿಗೆಯ ತೊಡಕಾದ ಡಿಸ್‌ಗ್ರಾಫಿಯಾ, ಅಂಗಚಲನೆಯ ತೊಡಕಾದ ಡಿಸ್‌ಪ್ರಾಕ್ಸಿಯಾ ಇವುಗಳ ಹೆಸರುಗಳಿವೆ. ಮುಂಬಾಗಿಲಿನಿಂದ ಒಳಹೋಗಲಾರದ ಮಗುವಿಗೆ ಈ ಪಕ್ಕದ ಬಾಗಿಲುಗಳಿವೆ. ಯಾವುದು ತನ್ನ ಮಗುವಿಗೆ ನಿಜವಾಗಿ ಅನ್ವಯಿಸುವುದೆಂದು ತಜ್ಞರನ್ನು ಕೇಳುವುದು ತಂದೆತಾಯಿಗಳ ಹಕ್ಕು. 2018ರಲ್ಲಿ ಪ್ರಕಟವಾದ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಪ್ರಮಾಣಪತ್ರವೆಂದು ವಿಧಿಸಿತು. ಮನೆಯ ಉಪಚಾರಕ್ಕೆ ಅಂಥ ವಯಸ್ಸಿನ ಕಟ್ಟಳೆಯಿಲ್ಲ.

ಆ ಉಪಚಾರವಾದರೂ ದುಬಾರಿಯದಲ್ಲ. ಗೆರೆಯ ಪುಸ್ತಕದ ಬದಲು ಚೌಕದ ಪುಸ್ತಕದಲ್ಲಿ ಲೆಕ್ಕ ಹಾಕಿಸಿದರೆ ಅಂಕೆಗೊಂದು ಮನೆ ದೊರೆತು 68 ತಾನಾಗಿ ಎಡಕ್ಕೆ ಸರಿಯುವುದು. ಗುಂಡಿ ಹಾಕುವುದನ್ನು ಹತ್ತು ಸಲ ತೋರಿಸುವ ಬದಲು ಒಂದು ಸಲ ಹೇಳಿ, ಮಗುವಿನ ಬಾಯಿಂದಲೇ ಹೇಳಿಸಬೇಕು: 'ಕೆಳಗಿನ ಗುಂಡಿ, ಕೆಳಗಿನ ಕಾಜ, ಹಿಂದಿನಿಂದ ತಳ್ಳು, ಮುಂದಿನಿಂದ ಎಳೆ.' ಭೂಪಟವನ್ನು ಕಥೆಯಾಗಿ ಮಾಡಬೇಕು. 'ದೊಡ್ಡಪ್ಪ ಹುಬ್ಬೇರಿಸಿ, ದನಿಯೆಳೆದು ಹೊಗಳಿದರೆ ಅದು ಹೊಗಳಿಕೆಯಲ್ಲ' ಎಂಬುದನ್ನು ಕೂಡ ವ್ಯಾಕರಣದ ಸೂತ್ರದಂತೆ ಬಿಡಿಸಿ ಹೇಳಿಕೊಡಬೇಕಾಗುವುದು. ಕೇಳಿದವರಿಗೆ ನಗು ಬಂದೀತು. ಹುಡುಗ ನಗುವುದಿಲ್ಲ, ಶ್ರದ್ಧೆಯಿಂದ ಕಲಿಯುತ್ತಾನೆ, ಏಕೆಂದರೆ ಅದು ಅವನಿಗೆ ತಿಳಿಯುವ ಭಾಷೆಯಲ್ಲಿ ಬಂದಿದೆ. ಕೈಯ ಕೆಲಸಗಳಿಗೆ ಆಕ್ಯುಪೇಷನಲ್ ಥೆರಪಿಯವರ ಅಭ್ಯಾಸಗಳು ನೆರವಾಗುತ್ತವೆ.

ಅಂಗಡಿಯ ದಾರಿಗೂ ಇದೇ ಉಪಾಯ. ಕೈಫೋನಿನ ನಕ್ಷೆಯಲ್ಲಿ ತಿರುಗುತ್ತಿರುವ ಬಾಣದ ಗುರುತು ಇವನನ್ನು ಇನ್ನಷ್ಟು ಕಂಗೆಡಿಸುವುದು. ದಾರಿಯನ್ನು ಮಾತಾಗಿಸಿ ಕೊಟ್ಟರೆ ಸಾಕು. ತಾಯಿ ಅವನೊಡನೆ ನಾಲ್ಕು ದಿನ ನಡೆದು, ಅವನಿಂದಲೇ ಹೇಳಿಸಿ, ಚೀಟಿಯಲ್ಲಿ ಬರೆಸಿದಳು: ಗೇಟಿನಿಂದ ಹೊರಟು ಗಡಿಯಾರ ಕಟ್ಟಿದ ಕೈಯ ಕಡೆಗೆ, ಇಸ್ತ್ರಿ ಗಾಡಿ ದಾಟಿ ನೇರಕ್ಕೆ, ಎರಡನೆಯ ತಿರುವಿನಲ್ಲಿ ಹಾಲಿನ ಬೂತು ಕಂಡ ಮೇಲೆ ಗಡಿಯಾರವಿಲ್ಲದ ಕೈಯ ಕಡೆಗೆ. ಐದನೆಯ ದಿನ ಹುಡುಗ ಬಾಯಲ್ಲಿ ಗುಣುಗುಣಿಸುತ್ತ ಹೊರಟು ನೇರವಾಗಿ ಅಂಗಡಿಯನ್ನು ಮುಟ್ಟಿದ. ಕರಿಬೇವು ಕೊಂಡು, ಅಲ್ಲಿಯೇ ನಿಂತ. ಹತ್ತು ನಿಮಿಷದ ಮೇಲೆ ಅಂಗಡಿಯವನು ಫೋನು ಮಾಡಿದ. ಹೋದ ದಾರಿಯನ್ನು ತಲೆಯೊಳಗೆ ಹಿಂದುಮುಂದಾಗಿ ತಿರುಗಿಸಿ ನೋಡುವುದು ಬೇರೆಯವರಿಗೆ ಉಸಿರಾಡಿದಷ್ಟು ಸಹಜ. ಇವನಿಗೆ ಆಗದ ಕೆಲಸ ಅದೇ ಎಂಬುದು ತಾಯಿಗೆ ಆಗ ಹೊಳೆಯಿತು. ಮರುದಿನ ಅವನ ಜೇಬಿನಲ್ಲಿ ಎರಡು ಚೀಟಿಗಳಿದ್ದವು, ಹೋಗುವುದಕ್ಕೆ ಒಂದು, ಬರುವುದಕ್ಕೆ ಇನ್ನೊಂದು.